ಠಾಣೆ ಮೆಟ್ಟಿಲಿಂದ ಜೈಲಿನ ಬಾಗಿಲತನಕ: ಒಂದೇ ಕಾಯ್ದೆ ಎಲ್ಲೆಲ್ಲಿ ಎರಡಾಗ್ತದ?

ತೊಗರಿ_ಹೊಲ, ಶಹಾಪುರ

ಎಲ್ಲರಿಗೂ ಶರಣು. ನಮ್ಮ ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಹಚ್ಚಲಾಕ ಎರಡು ಪುಟದ ಮಾಹಿತಿ ಹಾಳೆ ಮಾಡ್ಲತ್ತೀವಿ. ವಿಷಯ ಠಾಣೆ, ಕೋರ್ಟು, ಜಾಮೀನು. "ಕಾನೂನಿನ ಮುಂದೆ ಎಲ್ಲರೂ ಸಮಾನರು" ಅಂತ ಸಂವಿಧಾನದ 14ನೇ ವಿಧಿ ಬರೆದು ಕೈ ಬಿಟ್ರ ಯಾರೂ ಓದಂಗಿಲ್ಲ. ಜನ ಕೇಳೋದೇ ಬ್ಯಾರೆ. ದೊಡ್ಡವರು ಫೋನ್ ಮಾಡಿದ್ರ ಜೀಪ್ ಬರ್ತದ, ಕೂಲಿಯವ ನಡಕೊಂಡು ಹೋದ್ರ "ನಾಳಿ ಬಾ" ಅಂತಾರ. ಹೊಡೆದವ ಸಂಜಿಗೆ ಮನ್ಯಾಗ ಇರ್ತಾನ, ಹೊಡೆಸಿಕೊಂಡವನ ಮ್ಯಾಲೇ ಕೇಸ್ ಬೀಳ್ತದ. ಒಂದೇ ನಮೂನಿ ಅಪರಾಧಕ್ಕ ಒಬ್ಬಗ ಅದೇ ದಿನ ಜಾಮೀನು, ಇನ್ನೊಬ್ಬಗ ಆರು ತಿಂಗಳು ಜೈಲು.

ನನಗ ಬೇಕಾಗಿದ್ದು ಭಾಷಣ ಅಲ್ರಿ. ವ್ಯವಸ್ಥೆಯ ಯಾವ ಯಾವ ಕೀಲಿನಾಗ ಈ ಫರಕ್ ಹುಟ್ತದ, ಅಲ್ಲಿ ಬಡವರು ಯಾವ ಕಾಗದ ಹಿಡಿದು ನಿಲ್ಲಬೇಕು, ಯಾವ ತಪ್ಪು ಮಾಡಬಾರದು, ಅಷ್ಟು ಬಲ್ಲವರು ತಿಳಿಸ್ರಿ. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯ ಕಲಂ ನಂಬರ್ ಸಮೇತ ಬೇಕು.

ಕೋರ್ಟ್_ರಸ್ತೆ, ಕಲಬುರಗಿ

ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ಮೊದಲ ಕೀಲು ದೂರು ಬರೆಯುವ ಟೇಬಲ್. ಅಲ್ಲಿ ತಪ್ಪಿದ್ದನ್ನು ಹೈಕೋರ್ಟ್ ಪೀಠದವರೆಗೆ ಹೋದರೂ ಸರಿಪಡಿಸುವುದು ಕಷ್ಟ. ಅದಕ್ಕೇ ನಿಮ್ಮ ಹಾಳೆಯ ಅರ್ಧ ಜಾಗ ಇದಕ್ಕೇ ಕೊಡಿ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ದೂರು, ತನಿಖೆ, ಜಾಮೀನಿನ ವಿಧಾನ ಹೇಳುವ ಹೊಸ ಕಾಯ್ದೆ) ಕಲಂ 173 ನೋಡಿ. ಸಂಜ್ಞೇಯ ಅಪರಾಧದ (ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧ) ಮಾಹಿತಿ ಬಂದರೆ, ಘಟನೆ ಯಾವ ಠಾಣೆಯ ಹದ್ದಿಯಲ್ಲಿ ನಡೆದಿದ್ದರೂ ಎಫ್‌ಐಆರ್ ಮಾಡಲೇಬೇಕು. ಹದ್ದಿ ಬೇರೆಯಾದರೆ ಜೀರೋ ಎಫ್‌ಐಆರ್ ಮಾಡಿ ಅಲ್ಲಿಗೆ ಕಳಿಸಬೇಕು. ಬಾಯಿಮಾತಿನಲ್ಲಿ ಹೇಳಿದರೂ ಅವರೇ ಬರೆದುಕೊಂಡು, ಓದಿ ಹೇಳಿ, ಸಹಿ ತೆಗೆದುಕೊಳ್ಳಬೇಕು. ಆನ್‌ಲೈನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದು ಕಡ್ಡಾಯ ಎಂದು ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ "ನಾಳೆ ಬಾ" ಹೇಗೆ ನಡೆಯುತ್ತದೆ? ಮೂರು ದಾರಿಯಿವೆ. ದೂರನ್ನು ಎಫ್‌ಐಆರ್ ಮಾಡದೆ "ಅರ್ಜಿ" ಅಂತ ತೆಗೆದುಕೊಂಡು ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಕೂರಿಸುವುದು ಒಂದು. "ಸಿವಿಲ್ ಸ್ವರೂಪದ್ದು, ಸಕ್ಷಮ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ" ಎಂಬ ಹಿಂಬರಹ ಕೊಡುವುದು ಎರಡನೆಯದು. ಹೊಲದ ಬದು, ದಾರಿ, ಪಾಲಿನ ಜಗಳಗಳಲ್ಲಿ ಇದು ಹೆಚ್ಚು. ಹೊಲದ ವ್ಯಾಜ್ಯ ಸಿವಿಲ್ ಇರಬಹುದು, ಆ ವ್ಯಾಜ್ಯದಲ್ಲಿ ತಲೆ ಒಡೆದದ್ದು ಸಿವಿಲ್ ಅಲ್ಲ. ಎನ್‌ಸಿ (ಅಸಂಜ್ಞೇಯ ಅಪರಾಧ ಅಂತ ಬರೀ ನಮೂದು) ಮಾಡಿ ಕೈತೊಳೆದುಕೊಳ್ಳುವುದು ಮೂರನೆಯದು.

ಠಾಣೆಯಲ್ಲಿ ನಿರಾಕರಿಸಿದರೆ ಕಲಂ 173(4)ರಂತೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬೇಕು. ಯಾದಗಿರಿ, ಬೀದರ್‌ನಲ್ಲಿ ಜಿಲ್ಲಾ ಎಸ್‌ಪಿ. ಕಲಬುರಗಿ ನಗರದ ಠಾಣೆಗಳು ಪೊಲೀಸ್ ಕಮಿಷನರ್ ಕೆಳಗೆ, ಹಳ್ಳಿ-ತಾಲ್ಲೂಕಿನವು ಎಸ್‌ಪಿ ಕೆಳಗೆ, ಇಲ್ಲಿ ವಿಳಾಸ ತಪ್ಪಿಸಿ ದಿನ ಕಳೆದುಕೊಳ್ಳುವವರು ಬಹಳ. ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಕಲಂ 175(3)ರ ಅರ್ಜಿ. ಇದಕ್ಕೆ ಪ್ರಮಾಣಪತ್ರ (ಅಫಿಡವಿಟ್) ಕಡ್ಡಾಯ, ಎಸ್‌ಪಿಗೆ ಬರೆದದ್ದರ ಪ್ರತಿಯೂ ಇರಬೇಕು. ಈ ಎರಡರಲ್ಲಿ ಒಂದಿಲ್ಲ ಅಂತಲೇ ಅರ್ಜಿ ವಜಾ ಆಗುತ್ತವೆ.

ಒಂದು ತಪ್ಪು ತಿಳಿವಳಿಕೆ ಹಾಳೆಯಲ್ಲಿ ಬರಬಾರದು. ಎಫ್‌ಐಆರ್ ಮಾಡದ ಅಧಿಕಾರಿಗೆ ಜೈಲು ಅಂತ ಎಲ್ಲ ಕಡೆ ಹರಿದಾಡುತ್ತದೆ. ಭಾರತೀಯ ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆ ಹೇಳುವ ಹೊಸ ಕಾಯ್ದೆ) ಕಲಂ 199ರಲ್ಲಿ ಆರು ತಿಂಗಳಿಂದ ಎರಡು ವರ್ಷದ ಶಿಕ್ಷೆ ಇರುವುದು ನಿಜ, ಆದರೆ ದೂರು ದಾಖಲಿಸದ ತಪ್ಪಿಗೆ ಅದು ಅನ್ವಯಿಸುವುದು ಅತ್ಯಾಚಾರ, ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯ, ಆಸಿಡ್ ದಾಳಿ, ಮಾನವ ಸಾಗಣೆಯಂಥ ಪಟ್ಟಿ ಮಾಡಿದ ಅಪರಾಧಗಳಿಗೆ ಮಾತ್ರ. ಬೈಕ್ ಕಳುವಿನ ದೂರು ಹಿಡಿದು ಈ ಕಲಂ ಹೇಳಿದರೆ ನಿಮ್ಮ ಮಾತಿನ ತೂಕವೇ ಹೋಗುತ್ತದೆ.

ಠಾಣಾ_ಡೈರಿ, ಕಲಬುರಗಿ

ವಕೀಲ್ರು ಹೇಳಿದ್ದು ಖರೇ. ಆದ್ರ ಎನ್‌ಸಿ ಆದ ಕೂಡ್ಲೆ ಪಕ್ಷಪಾತ ಅಂತ ತಿಳೀಬ್ಯಾಡ್ರಿ. ನ್ಯಾಯ ಸಂಹಿತೆದಾಗ ಕೈಯಿಂದ ಹೊಡೆದದ್ದು ಕಲಂ 115(2), ಬೈದದ್ದು ಕಲಂ 352. ಎರಡೂ ಅಸಂಜ್ಞೇಯ. ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ದ ತನಿಖಾ ಮಾಡಲಾಕ ಪಿಎಸ್‌ಐಗೆ ಅಧಿಕಾರನೇ ಇಲ್ಲ. ಫರಕ್ ಹುಟ್ಟೋದು ಬ್ಯಾರೆ ಕಡಿ. ಅದೇ ಜಗಳದಾಗ ದಾರಿಗೆ ಅಡ್ಡ ನಿಂತು ತಡೆದಿದ್ರ 126(2), ಕೊಡಲಿ, ಕುಡಗೋಲು, ರಾಡಿನಿಂದ ಹೊಡೆದಿದ್ರ 118(1), ಎಲುಬು ಮುರಿದ್ರ ಅಥವಾ ಹಲ್ಲು ಬಿದ್ರ 117(2). ಇವು ಮೂರೂ ಸಂಜ್ಞೇಯ. ಒಂದು ಸಂಜ್ಞೇಯ ಕಲಂ ಸೇರಿತು ಅಂದ್ರ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 174(4)ರಂಗ ಇಡೀ ಕೇಸೇ ಸಂಜ್ಞೇಯ.

ಬಲ ಇದ್ದವರು ದೂರನ್ನ ವಕೀಲರ ಕಡಿ ಬರೆಸಿಕೊಂಡು ಬರ್ತಾರ, ಅದರಾಗ ಈ ಮಾತೆಲ್ಲ ಇರ್ತಾವ. ಬಡವರು "ಹೊಡೆದಾರ್ರೀ ಸಾಹೇಬ್ರ, ನ್ಯಾಯ ಕೊಡಿಸ್ರಿ" ಅಂತ ನಾಕು ಸಾಲು ಬರೀತಾರ. ರೈಟರ್ (ಠಾಣೆಯಾಗ ದೂರು ಬರಕೊಳ್ಳುವ ಪೊಲೀಸ್) ಅಷ್ಟನ್ನೇ ನೋಡಿ ಕಲಂ ಹಾಕ್ತಾನ. ಕೇಳಿ ಬರಕೊಳ್ಳೋದು ಅವನ ಕರ್ತವ್ಯ ಖರೇ, ಆದ್ರ ಗದ್ದಲದಾಗ ಬಹಳಷ್ಟು ಸಲ ಕೇಳಂಗಿಲ್ಲ. ಹೀಂಗಾಗಿ ದೂರಿನಾಗ ಇಷ್ಟು ಇರಲೇಬೇಕು: ತಾರೀಖು, ವೇಳೆ, ಜಾಗ, ಯಾರು, ಯಾವ ಕೈಯಾಗ ಏನಿತ್ತು, ಮೈಯ ಯಾವ ಭಾಗಕ್ಕ ಬಿತ್ತು, ತಡೆದ್ರೋ ಇಲ್ಲೋ, ಏನು ಅಂದ್ರು, ಅಲ್ಲಿ ಯಾರಿದ್ರು. ಆದದ್ದನ್ನೇ ಬರೀರಿ, ಇಲ್ದದ್ದು ಸೇರಿಸಬ್ಯಾಡ್ರಿ. ಕೈಯಿಂದ ಹೊಡೆದದ್ದಕ್ಕ ಕೊಡಲಿ ಸೇರಿಸಿದ್ರ ಡಾಕ್ಟರ್ ಸರ್ಟಿಫಿಕೇಟ್ ಬಂದ ದಿನ ಇಡೀ ಕೇಸ್ ಬಿತ್ತು.

ಎಫ್‌ಐಆರ್ ನಮೂನಿಯಾಗ ತಡವಾಗಿದ್ದರ ಕಾರಣ ಬರಿಯುವ ಕಾಲಂ ಒಂದದ. ಅದು ಖಾಲಿ ಇದ್ರ ಎದುರು ವಕೀಲರಿಗೆ ಹಬ್ಬ. ಠಾಣೆಯವರೇ ಎರಡು ದಿನ ತಿರುಗಿಸಿದ್ರ ಅದನ್ನೇ ಬರೆಸ್ರಿ: "10ನೇ ತಾರೀಖು ಬಂದಿದ್ದೆ, ದೂರು ತಗೊಳ್ಳಲಿಲ್ಲ." ಬಂದದ್ದು ಸಾಬೀತು ಮಾಡೋದು ಹ್ಯಾಂಗ ಅಂದ್ರ, ಮೊದಲು 112ಕ್ಕ ಕರೆ ಮಾಡ್ರಿ, ಅದರ ವೇಳೆ ದಾಖಲಾಗ್ತದ. ಎರಡನೇದು ಸಿಸಿಟಿವಿ. 2020ರ ಡಿಸೆಂಬರ್‌ನಾಗ ಪರಮವೀರ್ ಸಿಂಗ್ ಸೈನಿ ಕೇಸಿನಾಗ ಸುಪ್ರೀಂ ಕೋರ್ಟ್ ಎಲ್ಲಾ ಠಾಣೆಗೂ ಕ್ಯಾಮೆರಾ, 18 ತಿಂಗಳ ರೆಕಾರ್ಡಿಂಗ್ ಅಂತ ಆದೇಶ ಮಾಡ್ಯದ. ಖರೇ ಹೇಳಬೇಕಂದ್ರ ಎಲ್ಲಾ ಕಡಿ ಅಷ್ಟು ದಿನ ಉಳಿಯಂಗಿಲ್ಲ, ಹೊಸಾದು ಹಳೇದರ ಮ್ಯಾಲ ಕೂಡ್ತದ. ಹಿಂಗಾಗಿ ಅದೇ ವಾರದಾಗ ಮಾಹಿತಿ ಹಕ್ಕಿನ ಅರ್ಜಿ ಹಾಕಿ "ಇಂಥಾ ತಾರೀಖು, ಇಂಥಾ ತಾಸಿನ ದೃಶ್ಯ ಅಳಿಸಬ್ಯಾಡ್ರಿ" ಅಂತ ಬರೆದು ಸ್ವೀಕೃತಿ ತಗೋಳ್ರಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ.

ಇನ್ನ ಆಸ್ಪತ್ರಿ. ಗಾಯ ಆದ್ರ ಠಾಣೆಗೆ ಹೋಗೋಕಿಂತ ಮೊದಲು ಸರ್ಕಾರಿ ದವಾಖಾನಿಗೆ ಹೋದ್ರೂ ನಡೀತದ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ ಅಂತ ಆಸ್ಪತ್ರಿ ದಾಖಲೆ) ಮಾಡಿ ಅವರೇ ಠಾಣೆಗೆ ತಿಳಸ್ತಾರ. ಡಾಕ್ಟರ್ "ಹ್ಯಾಂಗ ಆಯ್ತು" ಅಂತ ಕೇಳಿದಾಗ ಅಂಜಿ "ಬಿದ್ದೆ" ಅಂದ್ರ ಅದೇ ಮಾತು ರಿಜಿಸ್ಟರ್‌ನಾಗ ಬೀಳ್ತದ. ಆಮ್ಯಾಲ ಯಾವ ಕೋರ್ಟೂ ನಂಬಂಗಿಲ್ಲ. ಎಕ್ಸ್‌ರೇ ಫಿಲ್ಮ್ ಇಟ್ಕೋರಿ. 15 ದಿನ ದಿನದ ಕೆಲಸಕ್ಕ ಹೋಗಲಾಕ ಆಗದಂಥ ಗಾಯ ಅಂದ್ರೂ ನ್ಯಾಯ ಸಂಹಿತೆಯ ಕಲಂ 116ರ ಪ್ರಕಾರ ಘೋರ ಗಾಯ. ಹಳೇ ಕಾಯ್ದೆದಾಗ ಇದು 20 ದಿನ ಇತ್ತು, ಬಹಳ ಜನ ಇನ್ನೂ ಅದನ್ನೇ ಹೇಳ್ತಾರ.

ಮಾಂಜ್ರಾ_ದಂಡಿ, ಬೀದರ್

ನೀವಿಬ್ಬರೂ ಕಾಯ್ದೆ ಸಮ ಅದ, ಬಳಸೋದರಾಗ ಫರಕ್ ಅದ ಅಂದಂಗ ಬರೆದೀರಿ. ಜಾಮೀನಿನ ವಿಷಯದಾಗ ನಾನು ಒಪ್ಪಂಗಿಲ್ಲ ಅಣ್ಣಾರ. ಅಲ್ಲಿ ಷರತ್ತೇ ಅಸಮಾನ. ಇಬ್ಬರಿಗೂ "50,000ದ ಬಾಂಡ್, ಒಬ್ಬ ಜಾಮೀನುದಾರ" ಅಂತ ಒಂದೇ ಆದೇಶ ಬಂದ್ರೂ, ಪಹಣಿ ಇದ್ದವನ ಅಣ್ಣ ಮಧ್ಯಾಹ್ನಕ್ಕ ಬಂದು ಬಿಡಿಸಿಕೊಂಡು ಹೋಗ್ತಾನ. ಭೂಮಿ ಇಲ್ದವನ ಇಡೀ ಬಳಗದಾಗ ಒಂದು ಪಹಣಿ ಸಿಗಂಗಿಲ್ಲ. ಕೂಲಿಗೆ ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋದವರು ಅಲ್ಲಿ ಸಿಕ್ಕಿಬಿದ್ರಂತೂ ಗುರುತಿನವರೇ ಇರಂಗಿಲ್ಲ.

ಇದು ಹೊಸಾ ಮಾತಲ್ಲ. 1978ರ ಮೋತಿರಾಮ್ ಪ್ರಕರಣದಾಗ ಒಬ್ಬ ಗಾರೆ ಕೆಲಸದವಗ 10,000 ರೂಪಾಯಿ ಜಾಮೀನು ಕೇಳಿ, ಬ್ಯಾರೆ ಜಿಲ್ಲೆದವ ಅಂತ ಅವನ ತಮ್ಮನ ಜಾಮೀನೂ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನ ತಪ್ಪು ಅಂತ ತೀರ್ಪು ಕೊಟ್ರು. ಇಷ್ಟು ವರ್ಷ ಆದ ಮ್ಯಾಲೂ 2022ರ ರಾಷ್ಟ್ರೀಯ ಅಂಕಿಅಂಶ ನೋಡಿದ್ರ ದೇಶದ ಜೈಲಿನಾಗ ಇದ್ದವರ ಪೈಕಿ ಶೇಕಡಾ 75.8 ಮಂದಿ ವಿಚಾರಣಾಧೀನರು. ಅಂದ್ರ ನಾಲ್ಕರಾಗ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ಇದನ್ನ ಓದಿ ಸುಮ್ನ ಇರಲಾಕ ಆಗಂಗಿಲ್ಲ ನೋಡ್ರಿ.

ಈಗ ಕೈಯಾಗ ಹಿಡಿಯೋ ಕಾಗದಗಳು. ಎಲ್ಲಾ ಕಲಂ ನಾಗರಿಕ ಸುರಕ್ಷಾ ಸಂಹಿತೆದವು.

ಜಾಮೀನು ಕೊಡಲೇಬೇಕಾದ ಅಪರಾಧ ಇದ್ದು, ಒಂದು ವಾರದಾಗ ಜಾಮೀನುದಾರ ಸಿಗಲಿಲ್ಲ ಅಂದ್ರ ಅವನು ನಿರ್ಗತಿಕ ಅಂತ ತಿಳಿದು ಸ್ವಂತ ಬಾಂಡ್ ಮ್ಯಾಲೇ ಬಿಡಬೇಕು, ಕಲಂ 478. ಹೊರಗಿನವರು ಯಾರೂ ಕೇಳದಿದ್ರ ಈ ವಾರ ತಿಂಗಳಾಗ್ತದ.

ಕಲಂ 187(3): ಹತ್ತು ವರ್ಷ ಅಥವಾ ಮ್ಯಾಲ ಶಿಕ್ಷೆ ಇರುವಂಥ ಭಾರೀ ಅಪರಾಧಕ್ಕ 90 ದಿನ, ಉಳಿದದ್ದಕ್ಕ 60 ದಿನದಾಗ ಚಾರ್ಜ್‌ಶೀಟ್ ಬರಲಿಲ್ಲ ಅಂದ್ರ ಜಾಮೀನು ಹಕ್ಕು. ರೊಕ್ಕ ಇದ್ದವರಿಗೂ ಇಲ್ದವರಿಗೂ ದೊಡ್ಡ ಫರಕ್ ಇಲ್ಲೇ ನೋಡ್ರಿ. ಈ ಹಕ್ಕು ತಾನಾಗಿ ಬರಂಗಿಲ್ಲ, ಕೇಳಬೇಕು. 61ನೇ ದಿನ ಮುಂಜಾನೆ ಕೇಳಿದವಗ ಸಿಗ್ತದ. ಯಾರೂ ಕೇಳದ ಸುಮ್ನಿದ್ದು, 63ನೇ ದಿನ ಚಾರ್ಜ್‌ಶೀಟ್ ಬಂತು ಅಂದ್ರ ಹಕ್ಕು ಹೋಯ್ತು. ದಿನ ಎಣಿಸುವಾಗ ಕೋರ್ಟ್ ಮೊದಲು ರಿಮಾಂಡ್ ಕೊಟ್ಟ (ಬಂಧನದಾಗ ಇಡಲಾಕ ಅಪ್ಪಣೆ ಕೊಟ್ಟ) ದಿನಾನೂ ಸೇರಿಸಬೇಕು, 2023ರಾಗ ಸುಪ್ರೀಂ ಕೋರ್ಟ್ ಹಂಗ ತೀರ್ಮಾನ ಮಾಡ್ಯದ. ಅರ್ಜಿ ಬಾಯಿಮಾತಿನಾಗ ಇದ್ರೂ ನಡೀತದ ಅಂತ 2020ರ ಬಿಕ್ರಮ್‌ಜಿತ್ ಸಿಂಗ್ ತೀರ್ಪು. ಹಿಂಗಾಗಿ ಮನಿಯವರು ಕ್ಯಾಲೆಂಡರ್‌ನಾಗ ಆ ದಿನಕ್ಕ ಗುರುತು ಹಾಕಿ ಇಟ್ಕೋಬೇಕು, ಹಾಳೆಯಾಗ ಇದನ್ನ ದಪ್ಪ ಅಕ್ಷರದಾಗ ಬರೀರಿ.

ಕಲಂ 479: ಮೊದಲ ಸಲ ಸಿಕ್ಕವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವ ಅರ್ಧ ಭಾಗ ಜೈಲಿನಾಗ ಕಳೆದಿದ್ರ ಬಿಡಬೇಕು. ಕೋರ್ಟಿಗೆ ಅರ್ಜಿ ಬರೆಯೋದು ಜೈಲು ಅಧೀಕ್ಷಕರ ಕೆಲಸ. ಮರಣದಂಡನೆ, ಜೀವಾವಧಿ ಇರೋ ಅಪರಾಧಕ್ಕ ಇದಿಲ್ಲ. ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇದ್ರೂ ಇಲ್ಲ. ನನ್ನ ಅಭಿಪ್ರಾಯದಾಗ ಈ ಕೊನೆಯ ಷರತ್ತು ಅನ್ಯಾಯದ್ದು. ಒಂದೇ ಗಲಾಟೆಗೆ ಎರಡು ಎಫ್‌ಐಆರ್ ಹಾಕಿದ್ರ ಸಾಕು, ಬಾಗಿಲು ಮುಚ್ತದ.

ಜಾಮೀನು ಸಿಕ್ಕೂ ಒಳಗೇ ಉಳಿದವರ ಸಲುವಾಗಿ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟದ. ಆದೇಶದ ಪ್ರತಿ ಅದೇ ದಿನ ಇಲ್ಲಾ ಮರುದಿನ ಇ-ಮೇಲ್‌ನಾಗ ಜೈಲಿಗೆ ಹೋಗಬೇಕು. ಏಳು ದಿನದಾಗ ಬಿಡುಗಡೆ ಆಗಲಿಲ್ಲ ಅಂದ್ರ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದ್ರೂ ಬಾಂಡ್ ಕೊಡಲಾಕ ಆಗದಿದ್ರ ಕೋರ್ಟೇ ಷರತ್ತು ಸಡಿಲ ಮಾಡೋದನ್ನ ವಿಚಾರ ಮಾಡಬಹುದು. ಕೇಂದ್ರದ ಬಡ ಕೈದಿಗಳ ನೆರವು ಯೋಜನೆಯೂ ಅದ, 2023ರಾಗ ಶುರು ಆದಾಗ ವಿಚಾರಣಾಧೀನರಿಗೆ 40,000, ದಂಡ ಕಟ್ಟಲಾಗದ ಕೈದಿಗೆ 25,000 ರೂಪಾಯಿ ಮಿತಿ ಇತ್ತು.

ಕೋರ್ಟ್ ಅಂಗಳದಾಗ ರೊಕ್ಕ ತಗೊಂಡು ಜಾಮೀನು ನಿಲ್ಲುವವರ ಹತ್ರ ಹೋಗಬ್ಯಾಡ್ರಿ. ಪಹಣಿ ಖೊಟ್ಟಿ ಅಂತ ಹೊರಬಿದ್ರ ಜಾಮೀನೂ ಹೋಗ್ತದ, ಮ್ಯಾಲೊಂದು ಕೇಸ್ ಹತ್ತತದ.

ವಕೀಲರ ಫೀ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕಲಂ 12ರಂತೆ ಪರಿಶಿಷ್ಟ ಜಾತಿ, ಪಂಗಡದವರು, ಹೆಣ್ಮಕ್ಕಳು, ಮಕ್ಕಳು, ಅಂಗವಿಕಲರು, ಬಂಧನದಾಗ ಇದ್ದವರು, ಇವರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ. ಸಹಾಯವಾಣಿ 15100. ಆದಾಯ ಪ್ರಮಾಣಪತ್ರ ತಂದ್ರೇ ಅರ್ಜಿ ತಗೋತೀವಿ ಅಂತ ಇವರಿಗೆ ಹೇಳೋದು ತಪ್ಪು.

ತೊಗರಿ_ಹೊಲ, ಶಹಾಪುರ

ಅಕ್ಕಾರ, 61ನೇ ದಿನದ ಮಾತು ನಮಗ ಯಾರಿಗೂ ಗೊತ್ತೇ ಇದ್ದಿಲ್ಲ. ಮೊದಲ ಪುಟದಾಗೇ ಹಾಕ್ತೀವಿ. ಇನ್ನೆರಡು ಪ್ರಶ್ನೆ ಉಳೀತು. ಜಾತಿ ನಿಂದನೆ ಕೇಸ್ ಹಾಕಿದ ಕೂಡ್ಲೆ ಎದುರಿನವರು ಕಳುವು, ಮಾನಭಂಗ ಅಂತ ಕೌಂಟರ್ ಕೇಸ್ ಹಾಕ್ತಾರ, ಆಗ ರಾಜಿ ಆಗಲೇಬೇಕಾಗ್ತದ. ಮತ್ತ ಪೊಲೀಸರು ಬಿ ರಿಪೋರ್ಟ್ (ಕೇಸ್ ಮುಚ್ಚಬೇಕು ಅಂತ ಕೋರ್ಟಿಗೆ ಕೊಡುವ ವರದಿ) ಹಾಕಿದ್ರ ಕೇಸ್ ಮುಗೀತಾ?

ಕೋರ್ಟ್_ರಸ್ತೆ, ಕಲಬುರಗಿ

ಬಿ ರಿಪೋರ್ಟ್ ಅಂದರೆ ಮುಗಿಯಿತು ಅಂತಲ್ಲ. ಅದನ್ನು ಒಪ್ಪುವ ಮೊದಲು ಕೋರ್ಟು ದೂರುದಾರರಿಗೆ ನೋಟಿಸ್ ಕೊಟ್ಟು ಕೇಳಲೇಬೇಕು, 1985ರ ಭಗವಂತ ಸಿಂಗ್ ತೀರ್ಪು. ತೊಂದರೆ ಆಗುವುದು ನೋಟಿಸ್ ಜಾರಿಯಲ್ಲಿ. ಸುಗ್ಗಿ ಮುಗಿಸಿ ಕುಟುಂಬ ಗುಳೆ ಹೋಗಿರುತ್ತದೆ, ಮನೆಗೆ ಬೀಗ, ನೋಟಿಸ್ ಗೋಡೆಗೆ ಅಂಟಿಸಿ ಬರುತ್ತಾರೆ, ರಿಪೋರ್ಟ್ ಅಂಗೀಕಾರವಾಗುತ್ತದೆ. ದೂರಿನಲ್ಲಿ ಮೊಬೈಲ್ ನಂಬರ್ ಜೊತೆಗೆ ಊರಲ್ಲೇ ಇರುವ ಒಬ್ಬರ ವಿಳಾಸವನ್ನೂ ಬರೆಸಿ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು, ಸುರಕ್ಷಾ ಸಂಹಿತೆಯ ಕಲಂ 193(3). ಬಿ ರಿಪೋರ್ಟಿಗೆ ಆಕ್ಷೇಪಣೆ ಸಲ್ಲಿಸಿದರೆ ಕೋರ್ಟು ಅದನ್ನೇ ಖಾಸಗಿ ದೂರು ಎಂದು ಪರಿಗಣಿಸಿ ಹೇಳಿಕೆ ಪಡೆಯಬಹುದು. ಯಾವ ಸಾಕ್ಷಿಯನ್ನು ವಿಚಾರಿಸಿಲ್ಲ, ಯಾವ ಕಾಗದ ತೆಗೆದಿಲ್ಲ ಅಂತ ಹೆಸರು ಹಿಡಿದು ಬರೆಯಬೇಕು. "ಪೊಲೀಸರು ಎದುರಿನವರ ಜೊತೆ ಸೇರಿದ್ದಾರೆ" ಎಂಬ ಒಂದೇ ಸಾಲಿಗೆ ಬೆಲೆಯಿಲ್ಲ.

ಜಾತಿ ನಿಂದನೆಗೆ ಬರುವ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕಲಂ 18ಎ ನೆನಪಿರಲಿ: ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಸುರಕ್ಷಾ ಸಂಹಿತೆಯ 173(3)ರಲ್ಲಿ ಮೂರರಿಂದ ಏಳು ವರ್ಷದೊಳಗಿನ ಅಪರಾಧಕ್ಕೆ ಡಿವೈಎಸ್‌ಪಿ ಅನುಮತಿಯಿಂದ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ, ಅದನ್ನು ಇಲ್ಲಿಗೆ ಎಳೆದು ತರಲು ಬಿಡಬೇಡಿ. ತನಿಖೆ ಡಿವೈಎಸ್‌ಪಿ ದರ್ಜೆಯವರದ್ದೇ, 60 ದಿನದಲ್ಲಿ ಚಾರ್ಜ್‌ಶೀಟ್. ನಿಂದನೆಯ ಪ್ರಕರಣಗಳಲ್ಲಿ ಪರಿಹಾರ 1,00,000 ರೂಪಾಯಿ: ಎಫ್‌ಐಆರ್ ಆದಾಗ ಕಾಲು ಭಾಗ, ಚಾರ್ಜ್‌ಶೀಟ್‌ಗೆ ಅರ್ಧ, ಶಿಕ್ಷೆಯಾದಾಗ ಉಳಿದ ಕಾಲು.

ಈ ಕೇಸುಗಳು ಬೀಳುವ ಕಾರಣ ಮೂರ್ನಾಲ್ಕೇ. ಅಂದ ಮಾತನ್ನು "ಜಾತಿ ಎತ್ತಿ ಬೈದರು" ಎಂದು ಮುಚ್ಚಿ ಬರೆಯುತ್ತಾರೆ. ಎಷ್ಟೇ ಹೊಲಸಾಗಿದ್ದರೂ ಅದೇ ಪದ ದೂರಿನಲ್ಲಿ ಬರಬೇಕು. ಜಾತಿ ನಿಂದನೆಯ ಕಲಂ 3(1)(ಆರ್) ಮತ್ತು (ಎಸ್)ಗೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ ಬೇಕು. ನಾಲ್ಕು ಗೋಡೆಯ ಒಳಗೆ ಬೇರೆ ಯಾರೂ ಇಲ್ಲದಾಗ ಅಂದದ್ದು ಈ ಕಲಮಿಗೆ ಬರುವುದಿಲ್ಲ ಎಂದು 2020ರ ಹಿತೇಶ್ ವರ್ಮಾ ತೀರ್ಪಿನಲ್ಲಿದೆ. ಹಾಗಾಗಿ ಅಲ್ಲಿದ್ದವರ ಹೆಸರು ಬೇಕು, ಬರೀ ಮನೆಮಂದಿಯದಲ್ಲ. ದೂರುದಾರರ ಜಾತಿ ಪ್ರಮಾಣಪತ್ರವಷ್ಟೇ ಅಲ್ಲ, ಆರೋಪಿಯ ಜಾತಿಯ ದಾಖಲೆಯನ್ನೂ ತನಿಖಾಧಿಕಾರಿ ತಹಶೀಲ್ದಾರರಿಂದ ತರಿಸಬೇಕು. ಅದು ಕಡತದಲ್ಲಿದೆಯೇ ಎಂದು ವಿಶೇಷ ಅಭಿಯೋಜಕರನ್ನು ಕೇಳಿ. ಆರೋಪಿ ಜಾಮೀನು ಕೇಳಿದಾಗ ನಿಮಗೆ ನೋಟಿಸ್ ಬರಬೇಕು, ಕಲಂ 15ಎ. 2021ರ ಹರಿರಾಮ್ ಭಾಂಭಿ ತೀರ್ಪಿನ ಪ್ರಕಾರ ಇದು ಕಡ್ಡಾಯ.

ಕೌಂಟರ್ ಕೇಸಿಗೆ ಅಂಜಿ ರಾಜಿಯಾಗಬೇಡಿ. ಎರಡೂ ಪ್ರಕರಣ ಒಬ್ಬರೇ ನ್ಯಾಯಾಧೀಶರ ಮುಂದೆ ಒಂದರ ಹಿಂದೆ ಒಂದು ನಡೆಯಬೇಕು ಎಂದು 1990ರ ನಾಥಿಲಾಲ್ ತೀರ್ಪು ಹೇಳುತ್ತದೆ, ಅದಕ್ಕೆ ಮೊದಲೇ ಅರ್ಜಿ ಹಾಕಿ. ಎರಡೂ ಎಫ್‌ಐಆರ್‌ಗಳ ವೇಳೆ, ಡೈರಿ ನಮೂದು, ಕೋರ್ಟಿಗೆ ತಲುಪಿದ ಸಮಯ ಹೋಲಿಸಿ ನೋಡಿ. ಏಳು ವರ್ಷದವರೆಗಿನ ಶಿಕ್ಷೆಯ ಕೌಂಟರ್ ಕೇಸಾದರೆ ಸಾಮಾನ್ಯವಾಗಿ ಬಂಧನದ ಬದಲು ಸುರಕ್ಷಾ ಸಂಹಿತೆಯ ಕಲಂ 35(3)ರ ನೋಟಿಸ್ ಬರಬೇಕು. ನೋಟಿಸ್ ಬಂದರೆ ತಪ್ಪದೆ ಹಾಜರಾಗಿ ಸ್ವೀಕೃತಿ ಪಡೆಯಿರಿ, ಹೋಗದೆ ಉಳಿಯುವುದೇ ಬಂಧನಕ್ಕೆ ಕಾರಣವಾಗುತ್ತದೆ.

ಠಾಣಾ_ಡೈರಿ, ಕಲಬುರಗಿ

ಒಂದು ಸೇರಿಸ್ತೀನಿ. ದೌರ್ಜನ್ಯ ಕೇಸುಗಳನ್ನ ನೋಡುವ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಕೂಡಬೇಕು. 60 ದಿನ ದಾಟಿದ ಕೇಸಿನ ಅಪರಾಧ ಸಂಖ್ಯೆ ಬರೆದು ಸಭೆಗಿಂತ ಮೊದಲು ಅರ್ಜಿ ಕೊಟ್ರ ಅಲ್ಲಿ ಉತ್ತರ ಹೇಳಲೇಬೇಕಾಗ್ತದ. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಒಂದು ಪ್ರತಿ ಹಾಕ್ರಿ. ಠಾಣೆಯಾಗೇ ಹೊಡೆದ್ರು, ಕೂಡಿಹಾಕಿದ್ರು ಅಂದ್ರ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕ ಒಂದು ವರ್ಷದ ಒಳಗ ಬರೀಬೇಕು.

ತಾಂಡಾದ ಹೆಣ್ಮಕ್ಕಳ ಹೇಳಿಕೆಯಾಗ ಭಾಷಾ ತೊಡಕು ಬಹಳ. ಲಂಬಾಣಿಯಾಗ ಹೇಳಿದ್ದು ಕನ್ನಡದಾಗ ಇಳೀವಾಗ ಅರ್ಧ ಉದುರ್ತದ. ಓದಿ ಹೇಳಿಸಿಕೊಳ್ಳದ ಹೆಬ್ಬೆಟ್ಟು ಒತ್ತಬಾರದು. ಅರವತ್ತು ದಾಟಿದವರನ್ನ, ಹೆಣ್ಮಕ್ಕಳನ್ನ ಸಾಕ್ಷಿ ಹೇಳಲಾಕ ಠಾಣೆಗೆ ಕರೀವಂಗಿಲ್ಲ, ಮನಿಗೇ ಬರಬೇಕು, ಸುರಕ್ಷಾ ಸಂಹಿತೆಯ ಕಲಂ 179.

ಮಾಂಜ್ರಾ_ದಂಡಿ, ಬೀದರ್

ಹಾಳೆ ಅಚ್ಚಿಗೆ ಹೋಗೋಕಿಂತ ಮೊದಲು ಒಂದು ನೋಡ್ಕೋರಿ. 2024ರ ಜುಲೈ 1ರ ಹಿಂದಿನ ಘಟನೆಗೆ ಅಪರಾಧದ ಕಲಂ ಹಳೇ ದಂಡ ಸಂಹಿತೆಯದೇ ಬರ್ತದ: 115(2)ರ ಜಾಗಕ್ಕ 323, 118(1)ಕ್ಕ 324, 117(2)ಕ್ಕ 325. ದೂರು ಈಗ ಕೊಟ್ರ ವಿಧಾನ ಮಾತ್ರ ಹೊಸದು. ಎರಡೂ ನಂಬರ್ ಪಕ್ಕಪಕ್ಕ ಹಾಕ್ರಿ, ಹಳೇ ಕೇಸ್ ಹಿಡಕೊಂಡು ತಿರುಗುವವರು ಊರಾಗ ಇನ್ನೂ ಬಹಳ ಮಂದಿ ಇದ್ದಾರ.